ಕ್ಷ-ಕಿರಣ ಚಿತ್ರ ಮತ್ತು ಗದ್ದಲ: ವರ್ಗಮೂಲದ ನಿಯಮದಿಂದ ಡೀಪ್ ಲರ್ನಿಂಗ್‌ವರೆಗೆ

ಕ್ಷ-ಕಿರಣಗಳ ಪಾಠ ಮಾಡುವಾಗ ನಾವು ಅಧ್ಯಾಪಕರು ತಪ್ಪದೆ ತೋರಿಸುವ ಚಿತ್ರವೊಂದಿದೆ. ಅದು ರಾಂಟ್‌ಜೆನ್ ಅವರ ಪತ್ನಿ ಆನ್ನಾ ಬರ್ತಾ ಅವರ ಕೈಯ ಚಿತ್ರ. ಬೆರಳಿನ ಮೂಳೆಗಳು, ಒಂದು ಬೆರಳಿನ ಸುತ್ತ ಕಪ್ಪಗೆ ಕಾಣುವ ಉಂಗುರ. ವಿದ್ಯಾರ್ಥಿಗಳು ಉಂಗುರವನ್ನು ನೋಡಿ ನಗುತ್ತಾರೆ, ನಾವು ಮುಂದಿನ ಪುಟಕ್ಕೆ ಹೋಗುತ್ತೇವೆ. ಆ ಚಿತ್ರಕ್ಕಾಗಿ ಆಕೆ ಎಷ್ಟು ಹೊತ್ತು ಕೈ ಅಲುಗಿಸದೆ ಕುಳಿತಿದ್ದರು ಎಂದು ಇಷ್ಟು ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಯಾರೂ ಕೇಳಿಲ್ಲ. ನಾನಾಗಿ ಹೇಳಿದ್ದೂ ತೀರ ತಡವಾಗಿಯೇ. 1895ರ ಡಿಸೆಂಬರ್ 22ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ತೆಗೆದ ಆ ಚಿತ್ರಕ್ಕೆ ಸುಮಾರು 15 ನಿಮಿಷ ಬೇಕಾಯಿತು. ಇಂದು ಅದೇ ಕೈಗೆ ಸೆಕೆಂಡಿನ ಒಂದು ಸಣ್ಣ ಅಂಶ ಸಾಕು.

ಈ ಎರಡರ ನಡುವಿನ ಇತಿಹಾಸವನ್ನು ಸಾಮಾನ್ಯವಾಗಿ ಯಂತ್ರಗಳ ಸುಧಾರಣೆಯ ಕಥೆಯಾಗಿ ಬರೆಯುತ್ತಾರೆ. ಆದರೆ ಅದರ ಒಳಗೆ ಇನ್ನೊಂದು ಪ್ರಶ್ನೆ ಉದ್ದಕ್ಕೂ ಹರಿದಿದೆ. ಒಂದು ಚಿತ್ರ ನಂಬಿಕೆಗೆ ಅರ್ಹವಾಗಬೇಕಾದರೆ ಕನಿಷ್ಠ ಎಷ್ಟು ಕಿರಣ ಬೇಕು? ಇತ್ತೀಚಿನ ವರ್ಷಗಳಲ್ಲಿ ಕಂಪ್ಯೂಟರಿನ ನರಜಾಲಗಳು ಈ ಪ್ರಶ್ನೆಗೆ ಹೊಸ ಉತ್ತರವನ್ನು ಮುಂದಿಟ್ಟಿವೆ. ಆ ಉತ್ತರದಲ್ಲಿ ಎಷ್ಟು ಭೌತವಿಜ್ಞಾನವಿದೆ, ಎಷ್ಟು ಊಹೆಯಿದೆ ಎಂಬುದನ್ನು ತಿಳಿಯಲು ಮೊದಲಿನಿಂದಲೇ ಬರಬೇಕು.

ರಾಂಟ್‌ಜೆನ್ ಅವರ ಸುದ್ದಿ ಹಬ್ಬಿದ ಕೆಲವೇ ವಾರಗಳಲ್ಲಿ, 1896ರ ಫೆಬ್ರವರಿಯಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೇಲ್ ಪ್ಯುಪಿನ್ ಅವರ ಬಳಿಗೆ ಬಂದೂಕಿನ ಚರೆಗಳು ಹೊಕ್ಕಿದ್ದ ಕೈಯೊಂದು ಬಂತು. ಆ ರೋಗಿಗೆ ಸುಮಾರು ಒಂದು ಗಂಟೆ ಕೈ ಅಲುಗಿಸದೆ ಇರುವ ಶಕ್ತಿ ಇರಲಿಲ್ಲ. ಎಡಿಸನ್ ಕಳಿಸಿದ್ದ ಪ್ರತಿದೀಪಕ ಪರದೆಯೊಂದು ಪ್ಯುಪಿನ್ ಅವರಲ್ಲಿತ್ತು. ಅದನ್ನು ಛಾಯಾಚಿತ್ರದ ಫಲಕಕ್ಕೆ ತಾಗಿಸಿ ಇಟ್ಟು ಕಿರಣ ಹಾಯಿಸಿದಾಗ ಕೆಲವೇ ಸೆಕೆಂಡುಗಳಲ್ಲಿ ಚಿತ್ರ ಮೂಡಿತು. ಒಂದು ಕ್ಷ-ಕಿರಣ ಫೋಟಾನ್ ಪರದೆಯಲ್ಲಿ ನೂರಾರು ಬೆಳಕಿನ ಫೋಟಾನ್‌ಗಳನ್ನು ಹೊರಡಿಸುತ್ತದೆ, ಫಲಕ ಆ ಬೆಳಕನ್ನು ಸುಲಭವಾಗಿ ಹಿಡಿಯುತ್ತದೆ. ಡೋಸ್ ಕಡಿಮೆ ಮಾಡಿದ ಮೊದಲ ದೊಡ್ಡ ಹೆಜ್ಜೆ ಅದು. ಪ್ಯುಪಿನ್ ಅವರ ಮನಸ್ಸಿನಲ್ಲಿ ಡೋಸ್ ಎಂಬ ಮಾತೇ ಇರಲಿಲ್ಲ, ರೋಗಿಯ ನಡುಗುವ ಕೈ ಮಾತ್ರ ಇತ್ತು.

ಡೋಸ್ ಎಂಬ ಮಾತಿಗೆ ಬೆಲೆ ಬಂದದ್ದು ಸಾವುಗಳ ನಂತರ. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ದಿನವೂ ತನ್ನ ಕೈಯನ್ನೇ ಕಿರಣಕ್ಕೆ ಒಡ್ಡಿ ನಳಿಗೆಗಳನ್ನು ಪರೀಕ್ಷಿಸುತ್ತಿದ್ದ. ಮೊದಲು ಚರ್ಮ ಸುಟ್ಟಿತು, ಆಮೇಲೆ ಕ್ಯಾನ್ಸರ್ ಬಂತು, ಕೈಗಳನ್ನು ಕತ್ತರಿಸಬೇಕಾಯಿತು. 1904ರಲ್ಲಿ ಅವನು ತೀರಿಕೊಂಡ. ಎಡಿಸನ್ ಕ್ಷ-ಕಿರಣಗಳ ಸಹವಾಸವನ್ನೇ ಬಿಟ್ಟರು. ಹೀಗೆ ಕಿರಣಕ್ಕೆ ಬಲಿಯಾದ ವೈದ್ಯರು, ತಂತ್ರಜ್ಞರು, ವಿಜ್ಞಾನಿಗಳ ಹೆಸರುಗಳನ್ನು ಕೆತ್ತಿದ ಸ್ಮಾರಕವೊಂದನ್ನು 1936ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ನಿಲ್ಲಿಸಿದರು.

ಮಳೆಹನಿಗಳ ಲೆಕ್ಕ

ಕಿರಣ ಕಡಿಮೆಯಾದರೆ ಚಿತ್ರ ಮಂಕಾಗುತ್ತದೆ, ಮಂಕಾದುದನ್ನು ಹೆಚ್ಚು ಬೆಳಗಿಸಿದರೆ ಸಾಕು ಎಂದು ಬಹಳ ಕಾಲ ನಂಬಿದ್ದರು. ಪರದೆಯ ಮೇಲಿನ ನೇರ ಚಿತ್ರವನ್ನು ನೋಡಲು ವೈದ್ಯರು ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ಕಣ್ಣನ್ನು ಕತ್ತಲೆಗೆ ಹೊಂದಿಸಿಕೊಳ್ಳುತ್ತಿದ್ದ ಕಾಲ ಅದು. 1948ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಜಾನ್ ಕೋಲ್ಟ್‌ಮನ್ ಚಿತ್ರವನ್ನು ನೂರಾರು ಪಟ್ಟು ಪ್ರಕಾಶಮಾನವಾಗಿಸುವ ನಳಿಗೆಯನ್ನು ವಿವರಿಸಿದರು. ಕನ್ನಡಕ ಹೋಯಿತು. ಆದರೆ ಬೆಳಕು ಹೆಚ್ಚಿದಂತೆ ಹೊಸತೊಂದು ಕಣ್ಣಿಗೆ ಬಿತ್ತು. ಚಿತ್ರದ ತುಂಬ ಜುಳುಜುಳು ಅಲುಗುವ ಕಾಳುಗಳು! 1949ರಲ್ಲಿ ಸ್ಟರ್ಮ್ ಮತ್ತು ಮಾರ್ಗನ್ ಎಂಬುವರು ಇದರ ಕಾರಣವನ್ನು ತೋರಿಸಿದರು. ತಪ್ಪು ನಳಿಗೆಯದಲ್ಲ, ಕ್ಷ-ಕಿರಣದ ಸ್ವಭಾವವೇ ಅದು.

ಮಳೆಗಾಲದ ಮೊದಲ ಹನಿಗಳು ಅಂಗಳದ ಚಪ್ಪಡಿ ಕಲ್ಲುಗಳ ಮೇಲೆ ಬೀಳುವುದನ್ನು ನೆನಪಿಸಿಕೊಳ್ಳಿ. ಮೋಡ ಯಾವ ಕಲ್ಲಿಗೂ ಪಕ್ಷಪಾತ ಮಾಡುವುದಿಲ್ಲ. ಆದರೂ ಒಂದರ ಮೇಲೆ ಏಳು ಹನಿ, ಪಕ್ಕದ್ದರ ಮೇಲೆ ಹನ್ನೆರಡು. ಮಳೆ ಬಲಿತ ಮೇಲೆ ಈ ಭೇದ ಕಾಣುವುದಿಲ್ಲ, ಎಲ್ಲವೂ ಒಂದೇ ಸಮನೆ ನೆನೆದಿರುತ್ತವೆ. ಫೋಟಾನ್‌ಗಳೂ ಹೀಗೆಯೇ. ಸರಾಸರಿ 100 ಫೋಟಾನ್ ಬೀಳುವ ಕಡೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 10. ಇದು ಶೇಕಡ 10. ಸರಾಸರಿ 10,000 ಇದ್ದರೆ ಏರುಪೇರು 100, ಅಂದರೆ ಶೇಕಡ 1 ಮಾತ್ರ. ಡೋಸನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಗದ್ದಲ ಅರ್ಧಕ್ಕಿಳಿಯುತ್ತದೆ, ನಾಲ್ಕನೇ ಒಂದಕ್ಕೆ ಇಳಿಸಿದರೆ ಗದ್ದಲ ಎರಡರಷ್ಟಾಗುತ್ತದೆ. ಎಲೆಕ್ಟ್ರಾನಿಕ್ಸ್‌ನವರು ನಾಯ್ಸ್ ಎನ್ನುವುದನ್ನೇ ಇಲ್ಲಿ ಗದ್ದಲ ಎಂದಿದ್ದೇನೆ. ಪದವಿ ತರಗತಿಯ ಪ್ರಯೋಗಾಲಯದಲ್ಲಿ ಗೈಗರ್ ಕೌಂಟರ್ ಇದ್ದರೆ ಹತ್ತು ಸೆಕೆಂಡಿನ ಎಣಿಕೆಯನ್ನು ಐವತ್ತು ಸಲ ಬರೆದುಕೊಳ್ಳಲು ಹೇಳಿ. ಪ್ರತಿಸಲವೂ ಬೇರೆ ಉತ್ತರ ಬರುವುದನ್ನು ಕಂಡು ಉಪಕರಣ ಕೆಟ್ಟಿದೆ ಎಂದು ದೂರುವ ವಿದ್ಯಾರ್ಥಿ ಒಬ್ಬನಾದರೂ ಇರುತ್ತಾನೆ. ಪಾಠ ಅವನಿಂದಲೇ ಆರಂಭವಾಗಬೇಕು.

ಈ ಏರುಪೇರಿನ ನಡುವೆ ನಿಜವಾದ ವಸ್ತುವೊಂದನ್ನು ಗುರುತಿಸುವುದು ಯಾವಾಗ ಸಾಧ್ಯ? ಅಂಗಳದಲ್ಲಿ ಒಂದು ಕಡೆ ಹನಿ ಕಡಿಮೆ ಬಿದ್ದಿದೆ ಎನ್ನೋಣ. ಮೇಲೆ ಎಲೆಯೊಂದು ಅಡ್ಡವಿದೆಯೇ ಅಥವಾ ಅದು ಬರೀ ಆಕಸ್ಮಿಕವೇ? ಆರ್‌ಸಿಎ ಕಂಪನಿಯಲ್ಲಿ ಟೆಲಿವಿಷನ್ ಕ್ಯಾಮೆರಾಗಳ ಮೇಲೆ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ರೋಸ್ 1948ರ ಲೇಖನದಲ್ಲಿ ಇದಕ್ಕೆ ಒಂದು ಅಳತೆ ಕೊಟ್ಟರು. ವಸ್ತುವಿನ ವ್ಯತ್ಯಾಸವು ಗದ್ದಲದ ಸುಮಾರು ಐದು ಪಟ್ಟು ಇದ್ದರೆ ಕಣ್ಣು ಅದನ್ನು ಧೈರ್ಯವಾಗಿ ಗುರುತಿಸಬಲ್ಲದು. ಲೆಕ್ಕ ಹಾಕಿ ನೋಡಿ. ಸುತ್ತಲಿನ ಅಂಗಾಂಶಕ್ಕಿಂತ ಶೇಕಡ 1ರಷ್ಟು ಮಾತ್ರ ಭಿನ್ನವಾದ ಗಡ್ಡೆಯ ನೆರಳು ಕಾಣಬೇಕಾದರೆ, ಆ ನೆರಳಿನ ಕ್ಷೇತ್ರದಲ್ಲಿ ಬೀಳುವ ಫೋಟಾನ್‌ಗಳ ವರ್ಗಮೂಲ 500 ಆಗಿರಬೇಕು, ಅಂದರೆ 2,50,000 ಫೋಟಾನ್ ಬೇಕು. ಡೋಸನ್ನು ಕಾಲುಭಾಗಕ್ಕೆ ಇಳಿಸಿದರೆ ಅನುಪಾತ ಐದರಿಂದ ಎರಡೂವರೆಗೆ ಇಳಿಯುತ್ತದೆ. ಗಡ್ಡೆ ಅಲ್ಲೇ ಇದೆ, ಚಿತ್ರದಲ್ಲಿ ಮಾತ್ರ ಅನುಮಾನ. ಮುರಿದ ಮೂಳೆಗೆ ಈ ಕಷ್ಟವಿಲ್ಲ, ಅದರ ವ್ಯತ್ಯಾಸ ಬಹಳ ದೊಡ್ಡದು. ಯಕೃತ್ತಿನೊಳಗಿನ ಸಣ್ಣ ಗಡ್ಡೆಗೆ ಇದೆ.

ಬೆಂಗಳೂರಿನ ಒಂದು ಸೂತ್ರ

1971ರಲ್ಲಿ ಈ ಕಥೆ ಬೇರೊಂದು ದಾರಿ ಹಿಡಿಯಿತು. ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ದೇಹದ ಅಡ್ಡಸೀಳಿನ ಚಿತ್ರವನ್ನು ಹಲವು ದಿಕ್ಕುಗಳ ನೆರಳುಗಳಿಂದ ಕಟ್ಟುವ ಯಂತ್ರ ಮಾಡಿದರು. ಪ್ರಯೋಗಾಲಯದ ಮೊದಲ ಮಾದರಿಯಲ್ಲಿ ಅಮೆರಿಷಿಯಮ್ ಎಂಬ ವಿಕಿರಣಶೀಲ ಆಕರ ಬಳಸಿದ್ದರು. ಅದರ ಕಿರಣ ಎಷ್ಟು ಕ್ಷೀಣವೆಂದರೆ ಸಾಕಷ್ಟು ಫೋಟಾನ್‌ಗಳನ್ನು ಎಣಿಸಲು ಒಂಬತ್ತು ದಿನ ಹಿಡಿಯಿತು. ಮತ್ತೆ ವರ್ಗಮೂಲದ ನಿಯಮವೇ! ಕ್ಷ-ಕಿರಣ ನಳಿಗೆ ಇಟ್ಟಮೇಲೆ ಅದು ಒಂಬತ್ತು ಗಂಟೆಗೆ ಇಳಿಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳಿನ ಸಿಟಿ ಚಿತ್ರ ತೆಗೆದರು. ಉದ್ದಕ್ಕೆ 80, ಅಗಲಕ್ಕೆ 80 ಚುಕ್ಕೆಗಳ ಒರಟು ಚಿತ್ರವದು.

ಅದಕ್ಕಿಂತ ಒಂದು ತಿಂಗಳು ಮೊದಲು, ಸೆಪ್ಟೆಂಬರಿನಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಐದು ಪುಟಗಳ ಒಂದು ಲೇಖನ ಬಂದಿತ್ತು. ಬರೆದವರು ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್. ಕೊಲಾಜನ್‌ನ ತ್ರಿಸುರುಳಿ ರಚನೆಯಿಂದಲೂ ರಾಮಚಂದ್ರನ್ ನಕ್ಷೆಯಿಂದಲೂ ಹೆಸರಾದ ರಾಮಚಂದ್ರನ್ ಆಗತಾನೆ ಮದ್ರಾಸಿನಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟುತ್ತಿದ್ದರು. ಹೌನ್ಸ್‌ಫೀಲ್ಡ್ ಅವರ ಕೆಲಸ 1972ರ ಏಪ್ರಿಲ್‌ವರೆಗೆ ಬಹಿರಂಗವಾಗಿರಲಿಲ್ಲ. ಆದ್ದರಿಂದ ರಾಮಚಂದ್ರನ್ ಅವರು ಸಿಟಿ ಯಂತ್ರಕ್ಕಾಗಿ ಈ ಲೇಖನ ಬರೆದದ್ದಲ್ಲ. ನೆರಳುಗಳಿಂದ ಮೂಲ ವಸ್ತುವನ್ನು ಕಟ್ಟುವ ಗಣಿತವೇ ಅವರ ವಿಷಯ. ರೇಡಿಯೋ ಖಗೋಳವಿಜ್ಞಾನದಲ್ಲಿ ಬ್ರೇಸ್‌ವೆಲ್ ಮತ್ತು ರಿಡ್ಲ್ 1967ರಲ್ಲಿ ಇಂಥದೇ ವಿಧಾನವನ್ನು ಕಂಡಿದ್ದರೂ ವೈದ್ಯಕೀಯ ಚಿತ್ರಣದಲ್ಲಿ ಉಳಿದದ್ದು ರಾಮಚಂದ್ರನ್–ಲಕ್ಷ್ಮೀನಾರಾಯಣನ್ ಹೆಸರು. ಜಗತ್ತಿನ ಎಂಜಿನಿಯರುಗಳು ಈಗಲೂ ಅದನ್ನು ರಾಮ್-ಲಾಕ್ ಫಿಲ್ಟರ್ ಎನ್ನುತ್ತಾರೆ.

ಆ ಸೂತ್ರದ ಸೊಗಸನ್ನು ನೋಡಲೇಬೇಕು. ಪ್ರತಿ ದಿಕ್ಕಿನ ನೆರಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದು ಒಂದರ ಮೇಲೊಂದು ಹಾಕಿದರೆ ವಸ್ತು ಮೂಡುತ್ತದೆ, ಆದರೆ ಮಸುಕಾಗಿ. ಮಸುಕು ಹೋಗಬೇಕಾದರೆ ಹಿಂದಕ್ಕೆ ಎಳೆಯುವ ಮುನ್ನ ಪ್ರತಿ ಮಾಪನದಿಂದ ಅದರ ನೆರೆಹೊರೆಯ ಅಂಶವನ್ನು ಕಳೆಯಬೇಕು. ಎಷ್ಟು ಕಳೆಯಬೇಕೆಂಬುದಕ್ಕೆ ಅವರು ಕೊಟ್ಟ ತೂಕಗಳು ಹೀಗಿವೆ: ನಡುವಿನ ಮಾಪನಕ್ಕೆ 0.25, ಎರಡೂ ಪಕ್ಕದವಕ್ಕೆ ಋಣ 0.101, ಅದರಾಚೆಯವಕ್ಕೆ ಸೊನ್ನೆ, ಮೂರನೆಯವಕ್ಕೆ ಋಣ 0.011. ಹೀಗೆ ಸಮಸಂಖ್ಯೆಯ ಸ್ಥಾನಗಳಲ್ಲಿ ಸೊನ್ನೆ, ಬೆಸಸಂಖ್ಯೆಯ ಸ್ಥಾನಗಳಲ್ಲಿ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವ ಋಣಸಂಖ್ಯೆ. ಎಲ್ಲವನ್ನೂ ಕೂಡಿದರೆ ಮೊತ್ತ ಸೊನ್ನೆ. ಬೆಸಸಂಖ್ಯೆಗಳ ವರ್ಗಗಳ ವ್ಯುತ್ಕ್ರಮಗಳ ಮೊತ್ತ ಪೈ ವರ್ಗದ ಎಂಟನೇ ಒಂದು ಭಾಗ ಎಂದು ಗೊತ್ತಿರುವ ವಿದ್ಯಾರ್ಥಿ ಇದನ್ನು ಎರಡು ಸಾಲಿನಲ್ಲಿ ಸಾಧಿಸಬಹುದು. ಹೀಗೆ ತೂಕ ಕೊಟ್ಟು ಕೂಡುವ ಕ್ರಿಯೆಯ ಹೆಸರು ಕನ್ವಲ್ಯೂಷನ್. ಈ ಪದವನ್ನು ನೆನಪಿಟ್ಟುಕೊಳ್ಳಿ, ಅದು ಮತ್ತೆ ಬರುತ್ತದೆ.

ಮೊತ್ತ ಸೊನ್ನೆ ಎಂದರೇನು? ಮಾಪನಗಳು ಸಮತಟ್ಟಾಗಿರುವ ಕಡೆ ಉತ್ತರ ಸೊನ್ನೆ. ಅಕ್ಕಪಕ್ಕದ ಮಾಪನಗಳ ನಡುವಿನ ವ್ಯತ್ಯಾಸ ಮಾತ್ರ ಎದ್ದು ಬರುತ್ತದೆ. ಅಂಗಗಳ ಅಂಚು ಸ್ಪಷ್ಟವಾಗುವುದು ಇದರಿಂದಲೇ. ಆದರೆ ಗದ್ದಲವೆಂದರೂ ಅಕ್ಕಪಕ್ಕದ ಮಾಪನಗಳ ನಡುವಿನ ವ್ಯತ್ಯಾಸವೇ ಅಲ್ಲವೆ? ಸೂತ್ರಕ್ಕೆ ಅಂಚು ಯಾವುದು, ಆಕಸ್ಮಿಕ ಯಾವುದು ಎಂಬ ವಿವೇಕವಿಲ್ಲ. ಎರಡನ್ನೂ ಒಂದೇ ಉತ್ಸಾಹದಿಂದ ಎತ್ತಿ ಹಿಡಿಯುತ್ತದೆ. 1974ರಲ್ಲಿ ಶೆಪ್ ಮತ್ತು ಲೋಗನ್ ತೂಕಗಳನ್ನು ಕೊಂಚ ಮೃದುಗೊಳಿಸಿದರು. ಅಂದಿನಿಂದ ಸಿಟಿ ಯಂತ್ರಗಳಲ್ಲಿ ಮೂಳೆಗೊಂದು ಹರಿತವಾದ ಸೂತ್ರ, ಮೃದು ಅಂಗಾಂಶಕ್ಕೊಂದು ನಯವಾದ ಸೂತ್ರ ಎಂಬ ಏರ್ಪಾಡು ಬಂತು. 1976ರಲ್ಲಿ ಬ್ರೂಕ್ಸ್ ಮತ್ತು ಡಿ ಕಿರೋ ತೋರಿಸಿದ ಲೆಕ್ಕ ಇನ್ನೂ ಕಠಿಣ. ಗದ್ದಲವನ್ನು ಹೆಚ್ಚಿಸದೆ ಚಿತ್ರದ ಘನಚುಕ್ಕೆಯ ಪ್ರತಿ ಬದಿಯನ್ನೂ ಅರ್ಧಕ್ಕೆ ಇಳಿಸಬೇಕಾದರೆ ಡೋಸ್ 16 ಪಟ್ಟು ಆಗಬೇಕು.

ವೈದ್ಯರಿಗೆ ಸೂಕ್ಷ್ಮ ಚಿತ್ರ ಬೇಕು, ಯಂತ್ರಗಳು ವೇಗವಾದವು, ಡೋಸ್ ಏರಿತು. ಎದೆಯ ಸಾಧಾರಣ ಕ್ಷ-ಕಿರಣ ಚಿತ್ರವೊಂದರಲ್ಲಿ ರೋಗಿಗೆ ಸಿಗುವುದು 0.1 ಮಿಲಿಸೀವರ್ಟ್‌ಗಿಂತ ಕಡಿಮೆ, ಎದೆಯ ಸಿಟಿಯಲ್ಲಿ ಸಾಮಾನ್ಯವಾಗಿ 5ರಿಂದ 7. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. 2001ರಲ್ಲಿ ಅಮೆರಿಕದ ವಿಕಿರಣ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನಗಳು, ಪುಟ್ಟ ಮಕ್ಕಳನ್ನೂ ದೊಡ್ಡವರ ಡೋಸ್‌ನಲ್ಲೇ ಸಿಟಿ ಮಾಡಲಾಗುತ್ತಿದೆ ಎಂಬುದನ್ನು ಬಯಲಿಗೆ ತಂದವು. ಮಕ್ಕಳ ಜೀವಕೋಶಗಳು ಹೆಚ್ಚು ಸೂಕ್ಷ್ಮ, ಕ್ಯಾನ್ಸರ್ ತಲೆದೋರಲು ಅವರ ಮುಂದೆ ಹೆಚ್ಚು ವರ್ಷಗಳೂ ಇವೆ. ಅಮೆರಿಕದಲ್ಲಿ 1980ರಲ್ಲಿ ವರ್ಷಕ್ಕೆ ಸುಮಾರು 30 ಲಕ್ಷವಿದ್ದ ಸಿಟಿ ಪರೀಕ್ಷೆಗಳು 6 ಕೋಟಿ 20 ಲಕ್ಷಕ್ಕೆ ಏರಿವೆ ಎಂದು 2007ರಲ್ಲಿ ಬ್ರೆನ್ನರ್ ಮತ್ತು ಹಾಲ್ ಬರೆದರು. ಒಬ್ಬ ರೋಗಿಯ ಪಾಲಿಗೆ ಅಪಾಯ ಅತ್ಯಲ್ಪ, ಅಗತ್ಯವಿದ್ದಾಗ ಸಿಟಿ ಬೇಡವೆನ್ನುವುದು ಮೂರ್ಖತನ. ಆದರೆ ಅತ್ಯಲ್ಪವನ್ನು ಕೋಟಿಗಳಿಂದ ಗುಣಿಸಿದಾಗ ಬರುವ ಸಂಖ್ಯೆಯ ಒಳಗೆ ನಿಜವಾದ ಜನರಿರುತ್ತಾರೆ.

ಕಲಿಯುವ ತೂಕಗಳು

ಡೋಸ್ ತಗ್ಗಿಸಬೇಕು, ಗದ್ದಲ ಏರಬಾರದು. ಮೊದಲು ಬಂದದ್ದು ಮರುಕಳಿಕೆಯ ವಿಧಾನ: ಚಿತ್ರವನ್ನು ಊಹಿಸು, ಅದರ ನೆರಳನ್ನು ಲೆಕ್ಕ ಹಾಕು, ಅಳೆದ ನೆರಳಿನೊಡನೆ ಹೋಲಿಸಿ ತಿದ್ದು, ಮತ್ತೆ ಊಹಿಸು. ಇದರ ಗಣಿತ 1970ರಷ್ಟು ಹಳೆಯದು. ಕಂಪ್ಯೂಟರ್‌ಗಳು ಅಗ್ಗವಾದ ಮೇಲೆ, 2008–09ರ ಹೊತ್ತಿಗೆ, ಆಸ್ಪತ್ರೆಯ ಯಂತ್ರಗಳಿಗೆ ಇಳಿಯಿತು. ಪ್ರಯೋಜನವಾಯಿತು. ಆದರೆ ತೀರ ಹೆಚ್ಚು ಬಳಸಿದರೆ ಚಿತ್ರಗಳು ಪ್ಲಾಸ್ಟಿಕ್ಕಿನಂತೆ ನುಣುಪಾಗಿ ಕಾಣುತ್ತವೆ ಎಂದು ವೈದ್ಯರು ಮೂಗು ಮುರಿದರು.

ಇನ್ನೊಂದು ಕಡೆ ನರಜಾಲಗಳ ಕಥೆ ನಡೆದಿತ್ತು. ಜಪಾನಿನ ಫುಕುಶಿಮಾ 1980ರಲ್ಲಿ, ಯಾನ್ ಲೆಕುನ್ 1989ರಲ್ಲಿ ಚಿತ್ರಗಳನ್ನು ಗುರುತಿಸುವ ಪದರಪದರದ ಜಾಲಗಳನ್ನು ರೂಪಿಸಿದರು. ಲೆಕುನ್ ಅವರ ಜಾಲದ ಮೊದಲ ಪದರಗಳು ಮಾಡುವುದು ಅದೇ ಕನ್ವಲ್ಯೂಷನ್. ಒಂದು ಚುಕ್ಕೆಗೂ ಅದರ ನೆರೆಹೊರೆಗೂ ತೂಕ ಕೊಟ್ಟು ಕೂಡುವುದು. ವ್ಯತ್ಯಾಸ ಒಂದೇ. ರಾಮಚಂದ್ರನ್ ಅವರ ತೂಕಗಳು ಕಾಗದ ಪೆನ್ನಿನಿಂದ ಹುಟ್ಟಿದವು, ಏಕೆ 0.25 ಎಂದು ಕೇಳಿದರೆ ಸಾಧಿಸಿ ತೋರಿಸಬಹುದು. ಜಾಲದ ತೂಕಗಳು ಉದಾಹರಣೆಗಳಿಂದ ಹುಟ್ಟುತ್ತವೆ. ಗದ್ದಲದ ಚಿತ್ರ, ಶುದ್ಧ ಚಿತ್ರ ಎಂಬ ಸಾವಿರಾರು ಜೋಡಿಗಳನ್ನು ತೋರಿಸಿ, ಜಾಲದ ಉತ್ತರಕ್ಕೂ ಶುದ್ಧ ಚಿತ್ರಕ್ಕೂ ಇರುವ ಅಂತರದ ವರ್ಗ ಕುಗ್ಗುವಂತೆ ತೂಕಗಳನ್ನು ಸ್ವಲ್ಪ ಸ್ವಲ್ಪವೇ ತಿದ್ದುತ್ತಾ ಹೋಗುತ್ತಾರೆ. 2002ರಲ್ಲೇ ಜಪಾನಿನ ಕೆಂಜಿ ಸುಜುಕಿ ಮತ್ತು ಸಂಗಡಿಗರು ಕ್ಷ-ಕಿರಣ ಚಿತ್ರಗಳ ಫೋಟಾನ್ ಗದ್ದಲ ತೆಗೆಯಲು ಸಣ್ಣ ನರಜಾಲಗಳನ್ನು ಬಳಸಿದ್ದರು. ಸಾಮಾನ್ಯ ಛಾಯಾಚಿತ್ರಗಳ ಗದ್ದಲವನ್ನು ಕನ್ವಲ್ಯೂಷನ್ ಜಾಲದಿಂದ ತೆಗೆಯಬಹುದೆಂದು 2008ರಲ್ಲಿ ಜೈನ್ ಮತ್ತು ಸ್ಯೂಂಗ್ ತೋರಿಸಿದರು. 2012ರ ನಂತರ ಹಲವು ಪದರಗಳ ಜಾಲಗಳು, ಅಂದರೆ ಡೀಪ್ ಲರ್ನಿಂಗ್, ಎಲ್ಲೆಡೆ ಹಬ್ಬಿದವು.

ಸಿಟಿಗೆ ಒಂದು ತೊಡಕಿತ್ತು. ಜಾಲಕ್ಕೆ ಪಾಠ ಹೇಳಲೆಂದು ಒಬ್ಬ ರೋಗಿಯನ್ನು ಎರಡು ಸಲ ಕಿರಣಕ್ಕೆ ಒಡ್ಡುವುದು ಸರಿಯಲ್ಲ. 2016ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಮತ್ತು ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಸೇರಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಇದಕ್ಕೆ ವರ್ಗಮೂಲದ ನಿಯಮವೇ ನೆರವಿಗೆ ಬಂತು. ಪೂರ್ಣ ಡೋಸ್‌ನಲ್ಲಿ ಅಳೆದ ನೆರಳುಗಳಿಗೆ ಕಂಪ್ಯೂಟರಿನಲ್ಲೇ ಗದ್ದಲ ಬೆರೆಸಿ ಕಾಲು ಡೋಸ್‌ನ ನೆರಳುಗಳನ್ನು ತಯಾರಿಸಿದರು. ಕಲಿಕೆಗೆ ಹತ್ತು ರೋಗಿಗಳ ಚಿತ್ರಗಳು, ಪರೀಕ್ಷೆಗೆ ಇಪ್ಪತ್ತು. ಹುಡುಕಬೇಕಾಗಿದ್ದದ್ದು ಯಕೃತ್ತಿನೊಳಗಿನ ಗಡ್ಡೆಗಳನ್ನು. ಕೊರಿಯಾದ ಜಾಂಗ್ ಚುಲ್ ಯೆ ಅವರ ತಂಡದ ಆಳವಾದ ನರಜಾಲಕ್ಕೆ ಎರಡನೆಯ ಸ್ಥಾನ ಸಿಕ್ಕಿತು. ಮರುವರ್ಷ ಚೀನಾ–ಅಮೆರಿಕ ತಂಡವೊಂದು ಹತ್ತು ಪದರಗಳ ಜಾಲವನ್ನು ಪ್ರಕಟಿಸಿತು. ಅನಂತರ ಬಂದ ಲೇಖನಗಳನ್ನು ಓದಿ ಮುಗಿಸುವುದು ಕಷ್ಟ. 2019ರಲ್ಲಿ ಜಿಇ ಮತ್ತು ಕ್ಯಾನನ್ ಕಂಪನಿಗಳ ನರಜಾಲ ವಿಧಾನಗಳಿಗೆ ಅಮೆರಿಕದ ನಿಯಂತ್ರಣ ಸಂಸ್ಥೆಯ ಅನುಮತಿ ದೊರೆಯಿತು.

ಫಲಿತಾಂಶ ನೋಡಿದರೆ ಅಚ್ಚರಿಯಾಗುತ್ತದೆ ನಿಜ. ಕಾಳುಕಾಳಾದ ಚಿತ್ರ ಒಳಗೆ ಹೋಗಿ ತಿಳಿಯಾದ ಚಿತ್ರ ಹೊರಗೆ ಬರುತ್ತದೆ. ಆದರೆ ಭೌತವಿಜ್ಞಾನದ ವಿದ್ಯಾರ್ಥಿ ಇಲ್ಲಿ ನಿಂತು ಕೇಳಬೇಕು: ಬಾರದ ಫೋಟಾನ್‌ಗಳ ಸುದ್ದಿ ಎಲ್ಲಿಂದ ಬಂತು? ಅಳತೆಯಲ್ಲಿ ಇಲ್ಲದ ಮಾಹಿತಿಯನ್ನು ಯಾವ ಲೆಕ್ಕಾಚಾರವೂ ಅಳತೆಯಿಂದ ಹೊರತೆಗೆಯಲಾರದು, ಇದು ಮಾಹಿತಿ ಸಿದ್ಧಾಂತದ ಪ್ರಮೇಯ. ಜಾಲ ಸೇರಿಸುವುದು ಬೇರೆ ರೋಗಿಗಳಿಂದ ಕಲಿತದ್ದನ್ನು. ಯಕೃತ್ತು ಸಾಮಾನ್ಯವಾಗಿ ಹೇಗಿರುತ್ತದೆ, ರಕ್ತನಾಳದ ಅಂಚು ಹೇಗೆ ಓಡುತ್ತದೆ ಎಂಬ ಅನುಭವ ಅದು. ಹಳೆಯ ಹಸ್ತಪ್ರತಿಯಲ್ಲಿ ಹುಳು ತಿಂದ ಅಕ್ಷರಗಳನ್ನು ವಿದ್ವಾಂಸರು ತುಂಬುವಂತೆ. ಬಹುತೇಕ ಸರಿಯಾಗಿಯೇ ತುಂಬುತ್ತಾರೆ. ಕವಿ ಅಲ್ಲಿ ಅಪರೂಪದ ಪದ ಬಳಸಿದ್ದರೆ ಮಾತ್ರ ತಪ್ಪುತ್ತಾರೆ.

ರೋಗವೆಂಬುದು ಆ ಅಪರೂಪದ ಪದ. ಅಂತರದ ವರ್ಗವನ್ನು ಕುಗ್ಗಿಸುವಂತೆ ಕಲಿತ ಜಾಲ, ಅನುಮಾನವಿದ್ದಲ್ಲಿ ಸಾಧ್ಯವಿರುವ ಎಲ್ಲ ಉತ್ತರಗಳ ಸರಾಸರಿಯನ್ನು ಕೊಡುತ್ತದೆ. ಒಂದು ಮಂಕು ಚುಕ್ಕೆ ನೂರರಲ್ಲಿ ತೊಂಬತ್ತೈದು ಸಲ ಆಕಸ್ಮಿಕ, ಐದು ಸಲ ಗಡ್ಡೆ ಎನ್ನೋಣ. ಸರಾಸರಿಯಲ್ಲಿ ಆ ಗಡ್ಡೆ ತನ್ನ ಇಪ್ಪತ್ತನೇ ಒಂದು ಭಾಗವಾಗಿ ಕರಗಿಹೋಗುತ್ತದೆ. ಮೊದಲಿನ ಗದ್ದಲದ ಚಿತ್ರದಲ್ಲಾದರೆ ವೈದ್ಯರು ಅನುಮಾನಿಸಿ ಇನ್ನೊಂದು ಪರೀಕ್ಷೆ ಬರೆಯುತ್ತಿದ್ದರು, ತಿಳಿಯಾದ ಚಿತ್ರ ಅನುಮಾನಕ್ಕೆ ಎಡೆಯನ್ನೇ ಕೊಡುವುದಿಲ್ಲ. ಈ ನುಣುಪನ್ನು ತಪ್ಪಿಸಲು 2017–18ರಲ್ಲಿ ಎರಡು ಜಾಲಗಳನ್ನು ಎದುರಾಳಿಗಳಂತೆ ನಿಲ್ಲಿಸುವ ವಿಧಾನವನ್ನು ಸಿಟಿಗೆ ತಂದರು. ಒಂದು ಚಿತ್ರವನ್ನು ಶುದ್ಧಗೊಳಿಸುತ್ತದೆ, ಇನ್ನೊಂದು ಅದು ಅಸಲಿಯೋ ನಕಲಿಯೋ ಎಂದು ಪತ್ತೆ ಮಾಡುತ್ತದೆ. ಚಿತ್ರದ ಹೆಣಿಗೆ ಸಹಜವಾಯಿತು, ಆದರೆ ಅಸಲಿಯಂತೆ ಕಾಣುವುದನ್ನೇ ಕಲಿತ ಜಾಲ ಇಲ್ಲದ್ದನ್ನೂ ಚಿತ್ರಿಸಬಲ್ಲದು. 2020ರಲ್ಲಿ ಆಂಟನ್ ಮತ್ತು ಸಂಗಡಿಗರು ಅಮೆರಿಕದ ಅಕಾಡೆಮಿಯ ಅದೇ ಪತ್ರಿಕೆಯಲ್ಲಿ, ಚಿತ್ರಗಳನ್ನು ಕಟ್ಟುವ ಹಲವು ನರಜಾಲಗಳಿಗೆ ಅಳತೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆ ಮಾಡಿದರೂ ಚಿತ್ರದಲ್ಲಿ ದೊಡ್ಡ ದೋಷಗಳು ಬರಬಹುದು, ಸಣ್ಣ ರಚನೆಗಳು ಅಳಿಸಿಹೋಗಬಹುದು ಎಂದು ತೋರಿಸಿದರು.

ಸರಾಸರಿಯ ಈ ಗುಣಕ್ಕೆ ಒಂದು ಒಳ್ಳೆಯ ಮುಖವೂ ಇದೆ. 2018ರಲ್ಲಿ ಲೆಹ್ಟಿನೆನ್ ಮತ್ತು ಸಂಗಡಿಗರು, ಶುದ್ಧ ಚಿತ್ರವೇ ಇಲ್ಲದೆ ಒಂದೇ ದೃಶ್ಯದ ಎರಡೆರಡು ಗದ್ದಲದ ಚಿತ್ರಗಳನ್ನು ತೋರಿಸಿಯೂ ಜಾಲಕ್ಕೆ ಕಲಿಸಬಹುದೆಂದು ತೋರಿಸಿದರು. ಗದ್ದಲದ ಸರಾಸರಿ ಸೊನ್ನೆಯಾದ್ದರಿಂದ ಕಲಿಕೆಯಲ್ಲಿ ಅದು ತಾನಾಗಿ ಕಳಚಿಹೋಗುತ್ತದೆ.

ನನ್ನ ಮಟ್ಟಿಗೆ, ಈ ವಿಧಾನಗಳನ್ನು ಅಳೆಯುವ ರೂಢಿಯಲ್ಲೇ ದೊಡ್ಡ ಕೊರತೆಯಿದೆ. ಚುಕ್ಕೆಚುಕ್ಕೆಯ ಅಂತರದ ಸರಾಸರಿ ಇಷ್ಟು ಕಡಿಮೆಯಾಯಿತು ಎಂದು ಲೇಖನಗಳು ಕೋಷ್ಟಕ ಕೊಡುತ್ತವೆ. ಲಕ್ಷಾಂತರ ಚುಕ್ಕೆಗಳ ಚಿತ್ರದಲ್ಲಿ ಇಪ್ಪತ್ತು ಚುಕ್ಕೆಯ ಗಡ್ಡೆ ಅಳಿಸಿಹೋದರೆ ಆ ಸರಾಸರಿ ಅಲುಗುವುದೂ ಇಲ್ಲ. 1948ರಲ್ಲಿ ರೋಸ್ ಕೇಳಿದ ಪ್ರಶ್ನೆಯನ್ನೇ ಕೇಳಬೇಕು: ವಸ್ತು ಇದೆಯೋ ಇಲ್ಲವೋ ಎಂದು ನೋಡುವವರು ಸರಿಯಾಗಿ ಹೇಳಬಲ್ಲರೆ? ವಿಕಿರಣ ವೈದ್ಯರನ್ನು ಕೂರಿಸಿ ಹೀಗೆ ಪರೀಕ್ಷಿಸಿದ ಅಧ್ಯಯನಗಳು ಇವೆ. ಅವು ನಿಧಾನ, ದುಬಾರಿ, ಮತ್ತು ಕೋಷ್ಟಕದಷ್ಟು ಅಂದವಾಗಿರುವುದಿಲ್ಲ.

ಉಪಕರಣಗಳ ಕಡೆಯಿಂದಲೂ ಒಂದು ಹೆಜ್ಜೆ ಬಿದ್ದಿದೆ. ಪ್ರತಿ ಫೋಟಾನನ್ನೂ ಒಂದೊಂದಾಗಿ ಎಣಿಸಿ ಅದರ ಶಕ್ತಿಯನ್ನೂ ಗುರುತಿಸುವ ಶೋಧಕಗಳುಳ್ಳ ಸಿಟಿ ಯಂತ್ರಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಎಲೆಕ್ಟ್ರಾನಿಕ್ಸ್‌ನಿಂದ ಬರುವ ಗದ್ದಲವನ್ನು ಬಹುಮಟ್ಟಿಗೆ ತೆಗೆದುಹಾಕುತ್ತದೆ. ಮಳೆಹನಿಗಳ ಗದ್ದಲ ಹಾಗೆಯೇ ಉಳಿಯುತ್ತದೆ.

ಹಿಂದೆ ಮನೆಯ ಬೀರುವಿನಲ್ಲಿ ಸೀರೆಗಳ ಕೆಳಗೆ ಕಂದುಬಣ್ಣದ ಲಕೋಟೆಯಲ್ಲಿ ಎಕ್ಸ್‌ರೇ ಫಿಲ್ಮುಗಳು ಇರುತ್ತಿದ್ದವು. ಹತ್ತು ವರ್ಷದ ನಂತರ ಬೇರೊಬ್ಬ ವೈದ್ಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಆಗ ಯಾರೂ ಗಮನಿಸದ ಕಲೆಯೊಂದನ್ನು ಈಗ ಗಮನಿಸುವುದು ಸಾಧ್ಯವಿತ್ತು. ಫಿಲ್ಮಿನ ಮೇಲಿದ್ದದ್ದು ಬಂದ ಫೋಟಾನ್‌ಗಳ ಗುರುತು, ಗದ್ದಲಸಮೇತ. ಸಿಟಿ ಯಂತ್ರದಲ್ಲಿ ಅಳೆದ ಮೂಲ ನೆರಳುಗಳ ಗಾತ್ರ ದೊಡ್ಡದು. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಅವುಗಳ ಮೇಲೆ ಮುಂದಿನ ರೋಗಿಗಳ ಮಾಪನಗಳು ಬರೆಯಲ್ಪಡುತ್ತವೆ. ಸಂಗ್ರಹದಲ್ಲಿ ಉಳಿಯುವುದು ಲೆಕ್ಕ ಹಾಕಿ ಕಟ್ಟಿದ ಚಿತ್ರ ಮಾತ್ರ.